ಮುಚ್ಚಳ

ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ
ನಮ್ಮದೊಂದು ಹಾಯಿದೋಣಿ ಸಂಘ.
ಇರುವ ದೋಣಿ ಹನ್ನೊಂದು, ತೇಲುವುದು ಒಂಬತ್ತು.
ಯಲಹಂಕ ದಾಟಿ, ಸಿಮೆಂಟ್ ಗೋಡೌನಿನ ಪಕ್ಕ ತಿರುಗಿ
ಏರಿ ಹತ್ತಿದರೆ ಮಾದನಕೆರೆ. ಅಷ್ಟೇ ನಮ್ಮ ಕಡಲು.
ತೂಬಿನಿಂದ ಕೋಡಿಗೆ, ಕೋಡಿಯಿಂದ ಒಣಜಾಲಿ ಮರಕ್ಕೆ,
ಅಲ್ಲಿಂದ ಮತ್ತೆ ತೂಬಿಗೆ; ಮೂರು ಸುತ್ತಾದರೆ ಒಂದು ರೇಸು.
ರೇಸಿಲ್ಲದ ಭಾನುವಾರ ಅದೇ ಸುತ್ತನ್ನು
ಯಾನ ಅನ್ನುತ್ತೇವೆ, ನಗಬೇಡಿ,
ಪುಸ್ತಕದಲ್ಲಿ ಬರೆದಿಡುತ್ತೇವೆ ಕೂಡ:
ಹೊರಟಿದ್ದು ಏಳೂವರೆ. ತಲುಪಿದ್ದು, ಹೊರಟಲ್ಲಿಗೇ, ಒಂಬತ್ತು.

ನನ್ನ ಹಾಯಿ ಹರಿದಾಗ
ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಹೊಲಿಯುವ ಮುನೀರ್ ಸಾಬರು
ಅದನ್ನು ಅಂಗಡಿ ತುಂಬ ಹರಡಿ ಕೇಳಿದರು:
"ಯಾವ ಗಾಡಿದು ಮೇಡಂ, ಇಷ್ಟು ದೊಡ್ಡ ಸೀಟು?"
ಅಂಬಾಸಿಡರಿನ ಕಂದು ರೆಕ್ಸಿನ್ ತೇಪೆ ಹಾಕಿ ಕೊಟ್ಟರು.
ಅಂದಿನಿಂದ ದಡದಲ್ಲಿ ನಿಂತವರಿಗೂ ಗೊತ್ತಾಗುತ್ತದೆ
ಎಲ್ಲರಿಗಿಂತ ಹಿಂದೆ ಬರುತ್ತಿರುವುದು ಯಾರೆಂದು.

ಆಷಾಢದ ಎರಡನೇ ಭಾನುವಾರ.
ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ಮುಳ್ಳು ಜೋಡಿಸಿದ ರುದ್ರೇಶಪ್ಪ
ಏರಿಯ ಮೇಲಿಂದ ಕೆಂಪು ಟವೆಲ್ ಬೀಸಿದರು.
ಹೊರಟೆವು. ಎರಡನೇ ಸುತ್ತಿನಲ್ಲಿ
ಗಾಳಿ ನಿಂತಿತು,
ಹೇಳದೆ ಕೇಳದೆ ಕರೆಂಟು ಹೋದ ಹಾಗೆ.

ಹುಟ್ಟು ಹಾಕುವಂತಿಲ್ಲ.
ಕೈಯಿಂದ ನೀರು ತಳ್ಳುವಂತಿಲ್ಲ.
ಬೈಯಬಹುದು. ಬೈದೆವು.
ಒಣಹಾಕಿದ ಪಂಚೆಗಳಂತೆ ಹಾಯಿಗಳು ಜೋತವು,
ದೇವನಹಳ್ಳಿಗೆ ಇಳಿಯುವ ವಿಮಾನದ ಹೊಟ್ಟೆ
ನಮ್ಮ ನಡುವೆ ನೀರಿನಲ್ಲಿ ಹಾದುಹೋಯಿತು.
ದೋಣಿಗಳು ತಾವೇ ಒಂದರ ಬಳಿ ಒಂದು ಬಂದು
ಎಮ್ಮೆಗಳ ಹಾಗೆ ಮೈ ತಿಕ್ಕತೊಡಗಿದಾಗ
ಫಿಲೋಮಿನಾ ಲೋಬೋ ಡಬ್ಬಿ ತೆಗೆದಳು.
ಸಾನ್ನ ಒಂದು ಕಡೆ ಹೋಯಿತು, ಮುಚ್ಚಳದಲ್ಲಿ
ಸಿಗಡಿ ಉಪ್ಪಿನಕಾಯಿ ಇನ್ನೊಂದು ಕಡೆ.

ಮುಚ್ಚಳ ನನ್ನ ಕೈಗೆ ದಾಟಿಸುತ್ತ ಚೆಂಗಪ್ಪ,
ಆರು ವರ್ಷದಿಂದ ಕಪ್ಪು ಬಿಟ್ಟುಕೊಡದ ಚೆಂಗಪ್ಪ,
ಕೆರೆಯ ಅಂಚಿಗೆ ಇಟ್ಟುಬಿಡಲಿದ್ದ ಅದನ್ನು.
ನನ್ನ ಕೈ ಅಲ್ಲಿರಲಿಲ್ಲ.
"ಬಲಗಣ್ಣು ಹೋಗಿ ಎರಡು ವರ್ಷ," ಅಂದ,
ಹವಾಮಾನ ಹೇಳುವಂತೆ.
"ಕಿವಿಯ ಹಿಂದೆ ಗಾಳಿ ತಾಗುತ್ತಲ್ಲ, ಅದರಲ್ಲೇ ನಡೆಸುತ್ತೇನೆ.
ರುದ್ರೇಶಪ್ಪನಿಗೆ ಹೇಳಬೇಡ. ಪುಸ್ತಕದಲ್ಲಿ ಬರೆದುಬಿಡುತ್ತಾನೆ."

ನಾನು ಏನಾದರೂ ಹೇಳುವ ಮೊದಲೇ
ಕೋಡಿಯ ಕಡೆ ನೀರು ಕಪ್ಪಾಯಿತು.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ;
ನಮ್ಮ ಕೈಯಲ್ಲಿದ್ದದ್ದು ಉಪ್ಪಿನಕಾಯಿ.
ಎಣ್ಣೆಗೈಯಲ್ಲೇ ಹಗ್ಗ ಹಿಡಿದೆವು. ಈಗ ತಾನೆ ಒಂದೇ ಎಲೆಯಲ್ಲಿ
ಉಂಡವರು ಒಬ್ಬರ ಗಾಳಿ ಒಬ್ಬರು ಕದಿಯತೊಡಗಿದೆವು.

ಕೊನೆಯ ಸುತ್ತು. ಜಾಲಿಮರದ ಹತ್ತಿರ
ಚೆಂಗಪ್ಪ ಎಡಗಾಳಿಯಲ್ಲಿ ಬರುತ್ತಿದ್ದಾನೆ, ನಾನು ಬಲಗಾಳಿಯಲ್ಲಿ.
ದಾರಿಯ ಹಕ್ಕು ನನ್ನದು.
ಅವನು ಬಿಡಬೇಕು. ಅವನಿಗೆ ನಾನು ಕಾಣಬೇಕು.
ನಾನಿರುವುದು ಅವನ ಬಲಕ್ಕೆ.

ಸುಮ್ಮನೆ ತಿರುಗಿಬಿಡಬಹುದಿತ್ತು. ಹಾಗೆ ತಿರುಗಿದ್ದರೆ
ಅದು ಅವನಿಗೂ ಕಾಣುತ್ತಿರಲಿಲ್ಲ,
ಆದರೆ ಹೇಗೋ ತಿಳಿಯುತ್ತಿತ್ತು.
"ಸ್ಟಾರ್‌ಬೋರ್ಡ್!" ಎಂದು ಕೂಗಿದೆ. ಜೊಂಡಿನಿಂದ
ಕೊಕ್ಕರೆಗಳು ಎದ್ದವು. ಹುಟ್ಟಿದ ಮೇಲೆ ಅಷ್ಟು ಜೋರಾಗಿ
ನನ್ನ ಹಕ್ಕನ್ನು ಯಾರಿಗೂ ಹೇಳಿರಲಿಲ್ಲ.

ಥಟ್ಟನೆ ಚುಕ್ಕಾಣಿ ತಿರುಗಿಸಿದ. ಅವನ ದೋಣಿಯ ಮೂತಿ
ನನ್ನ ರೆಕ್ಸಿನ್ ತೇಪೆಯಿಂದ ಒಂದು ಮೊಳ ದೂರ.
ದಾಟುವಾಗ ನೋಡಿದೆ: ಬೈಯಲಿಲ್ಲ, ನಗುತ್ತಿದ್ದ,
ನಾನಿರುವ ಕಡೆಗಿಂತ ಸ್ವಲ್ಪ ಆಚೆ ನೋಡಿ.

ಗೆದ್ದಿದ್ದು ಫಿಲೋಮಿನಾ. ನಾನು ಏಳನೆಯವಳು, ಅವನು ಎಂಟು.
ತಕರಾರು: ಇಲ್ಲ, ಎಂದು ಬರೆದುಕೊಂಡರು ರುದ್ರೇಶಪ್ಪ.
ಅಂದಿನಿಂದ ಹಕ್ಕಿರಲಿ ಇಲ್ಲದಿರಲಿ
ಅವನ ಬಲಕ್ಕೆ ಬಂದಾಗಲೆಲ್ಲ ಕೂಗುತ್ತೇನೆ.
ಬಾಯಿಬಡುಕಿ ಅನ್ನುತ್ತಾರೆ ಸಂಘದಲ್ಲಿ.

ಮುಚ್ಚಳ ನನ್ನ ದೋಣಿಯಲ್ಲೇ ಉಳಿಯಿತು.
ಫಿಲೋಮಿನಾ ಕೇಳಿದಾಗಲೆಲ್ಲ ಮುಂದಿನ ವಾರ ಅನ್ನುತ್ತೇನೆ.
ನೀರು ಮೊಗೆಯಲು ಒಳ್ಳೆಯದಿದೆ.
ಎಷ್ಟು ತೊಳೆದರೂ ಸಿಗಡಿ ವಾಸನೆ.