ಕಡೇ ಹತ್ತು ನಿಮಿಷ

ಕೃಪಾನಿಧಿಯವರ ಒಂಬತ್ತು ಸಿನಿಮಾ ನೋಡಿದ್ದೇನೆ,
ಒಂದೊಂದೂ ನಾಲ್ಕೈದು ಸಲ.
ಒಂದರದ್ದೂ ಕೊನೆ ನೋಡಿಲ್ಲ.

ಶಿವಮೊಗ್ಗದಲ್ಲಿ ಮೊದಲನೇ ಆಟ ಬಿಡುವುದು ಒಂಬತ್ತೂ ಇಪ್ಪತ್ತಕ್ಕೆ.
ಕುಂಸಿಯ ಕಡೇ ಬಸ್ಸು ಒಂಬತ್ತೂ ಕಾಲಿಗೆ.
ಟಾಕೀಸಿನಿಂದ ಸ್ಟ್ಯಾಂಡಿಗೆ, ಓಡಿದರೆ, ಐದು ನಿಮಿಷ.
ಲೆಕ್ಕ ನೀವೇ ಹಾಕಿ.

ಹಗಲು ಗಾಂಧಿ ಬಜಾರಿನಲ್ಲಿ ತಕ್ಕಡಿ ರಿಪೇರಿ ನನ್ನ ಕೆಲಸ.
ತೂಕ ಸರಿಬಂದು ಮುಳ್ಳು ನಿಲ್ಲುವ ಮುಂಚೆ
ಅತ್ತ ಒಂದು ಕೂದಲು, ಇತ್ತ ಒಂದು ಕೂದಲು
ನಡುಗುತ್ತದಲ್ಲ,
ಅಷ್ಟನ್ನೇ ಎಳೆದು ಎಳೆದು
ಎರಡೂಕಾಲು ಗಂಟೆ ಮಾಡುತ್ತಿದ್ದರು ಆ ಮಹಾನುಭಾವರು.
ಹೆಸರಿಗೆ ಕೃಪಾನಿಧಿ. ಕೃಪೆ ತೋರಿದ್ದು ಮಾತ್ರ ಕಾಣೆ.

ಕೊಲೆ ತೋರಿಸುವವರಲ್ಲ ಅವರು,
ಕೊಲೆಯಾದ ಮನೆಯ ಒಲೆಯ ಮೇಲೆ
ಅನ್ನ ಉಕ್ಕುವುದನ್ನು ತೋರಿಸುವವರು.
ಪೋಸ್ಟ್‌ಮ್ಯಾನ್ ಒಳಗೆ ಹೋಗುತ್ತಾನೆ;
ಹೊರಗೆ ಒರಗಿಸಿದ ಸೈಕಲ್ಲಿನ ಮುಂದಿನ ಚಕ್ರ
ತಿರುಗುತ್ತಲೇ ಇರುತ್ತದೆ.
ಅದು ನಿಲ್ಲುವ ತನಕ ಕ್ಯಾಮೆರಾ ಅಲ್ಲಾಡುವುದಿಲ್ಲ.
ನಿಂತ ಮೇಲೂ ಅಲ್ಲಾಡುವುದಿಲ್ಲ.

ಬಸ್ಸಿನಲ್ಲಿ ನಾವು ಹನ್ನೊಂದು ಜನ,
ಎಲ್ಲರೂ ಕೊನೆ ಬಿಟ್ಟು ಎದ್ದು ಬಂದವರು.
ರೇಷನ್ ಡಿಪೋದ ಹಾಲಸ್ವಾಮಿ ಅನ್ನುವರು, ಅಣ್ಣನೇ ಕೊಂದದ್ದು.
ನರ್ಸ್ ಎಲಿಜಮ್ಮ ತಿರುಗಿ ಬೀಳುವರು:
"ಸೂಜಿಗೆ ದಾರ ಪೋಣಿಸೋಕಾಗಲ್ಲ ಅವನಿಗೆ, ಕೈ ನಡುಕ.
ಅವನೆಲ್ಲಿ ಕತ್ತು ಹಿಸುಕ್ತಾನೆ?"
ಆಯನೂರು ಬರುವಷ್ಟರಲ್ಲಿ
ಇಬ್ಬರನ್ನು ಗಲ್ಲಿಗೇರಿಸಿ ಒಬ್ಬನನ್ನು ಬಿಡಿಸಿರುತ್ತಿದ್ದೆವು.

ಕಂಡಕ್ಟರ್ ಬುಡೇನ್ ಸಾಬರು
ಜನ್ಮದಲ್ಲಿ ಒಂದು ಸಿನಿಮಾ ನೋಡಿದವರಲ್ಲ.
ಟಿಕೆಟ್ಟು ಹರಿಯುತ್ತಾ ಕೇಳುವರು:
"ಆ ಹೆಣ್ಣುಮಗಳು ಬದುಕಿದಾಳಾ, ಅಷ್ಟು ಹೇಳಿ."
ಯಾರೂ ಹೇಳುವಂತಿರಲಿಲ್ಲ.

ಒಂದು ಶುಕ್ರವಾರ, ಬೆಳಗಿನ ಟ್ರಿಪ್ಪಿನಲ್ಲಿ, ಅವರೇ ಅಂದರು:
"ಡ್ರೈವರಿಗೆ ಹೇಳೀನಿ. ರಾತ್ರಿ ಹತ್ತು ನಿಮಿಷ ನಿಲ್ಲಿಸ್ತೀವಿ.
ಪೂರ್ತಿ ನೋಡ್ಕಂಡೇ ಬನ್ನಿ."

ಒಂಬತ್ತೂ ಹತ್ತು.
ಏಳುವುದೇ ಅಭ್ಯಾಸವಾದ ಮಂಡಿಗಳನ್ನು
ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತೆ.
ಪರದೆಯ ತುಂಬ ಒಂದು ಕೈ, ಅಗುಳಿಯ ಮೇಲೆ.
ತೆಗೆಯಲೋ, ಹಾಕಲೋ, ತಿಳಿಯದು.
ಅಗುಳಿ ಸರಿಯಿತು, ಅರ್ಧ.

ಕರೆಂಟು ಹೋಯಿತು.

ನಾನೂರು ಜನ.
ಒಬ್ಬರೂ ಸಿಳ್ಳೆ ಹಾಕಲಿಲ್ಲ, ಬೈಯಲಿಲ್ಲ,
ಕಡ್ಡಿ ಗೀರಲಿಲ್ಲ.
ಎಲ್ಲೋ ಮುಂದೆ ಯಾರದೋ ಬಳೆ
ಒಂದು ಸಲ ಸದ್ದಾಗಿ, ತಪ್ಪು ಮಾಡಿದ ಹಾಗೆ, ಸುಮ್ಮನಾಯಿತು.
ಆ ಕತ್ತಲನ್ನೂ ಅವರೇ ತೆಗೆದದ್ದು
ಅಂತ ಇವತ್ತಿಗೂ ನಂಬಿದ್ದೇನೆ.

ಕರೆಂಟು ಬರಲಿಲ್ಲ. ಬಸ್ಸಿಗೆ ಬಂದೆವು.
ಬುಡೇನ್ ಸಾಬರು ನಮ್ಮ ಮುಖ ನೋಡಿದರು, ಕೇಳಲಿಲ್ಲ.
ರೈಟ್ ಅಂದರು.

ಈಗ ವಿನೋಬನಗರದಲ್ಲೇ ಮನೆ. ಹಿಡಿಯಬೇಕಾದ ಬಸ್ಸಿಲ್ಲ.
ಕೃಪಾನಿಧಿಯವರು ಹೋಗಿ ಆರು ವರ್ಷವಾಯಿತು;
ಪೇಪರಿನ ಮೂಲೆಯಲ್ಲಿ ಬಂದ ಚಿತ್ರ, ದಪ್ಪ ಗಾಜಿನ ಕನ್ನಡಕ,
ತೂಕದ ಕಲ್ಲಿನ ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಡೆಯಿಂದ ಅಂಟಿಸಿದ್ದೇನೆ.
ತೆಗೆದವರಿಗಷ್ಟೇ ಕಾಣಲಿ ಅಂತ.

ಪಕ್ಕದ ಮನೆಯ ಶಬರಿ ಮೊಬೈಲು ಹಿಡಿದು ಬಂದಳು:
"ನಿಮ್ಮ ಡೈರೆಕ್ಟರದ್ದು ಎಲ್ಲಾ ಇದೆ ಇದರಲ್ಲಿ, ನೋಡೋಣ ಬನ್ನಿ."
ಅಂಗೈಯಗಲ ಟಾಕೀಸು.
ಅದೇ ಚಕ್ರ. ಅದೇ ಅನ್ನ.
ಎರಡು ಗಂಟೆ ಐದು ನಿಮಿಷ. ಅಗುಳಿಯ ಮೇಲೆ ಕೈ.

ನನ್ನ ಕಾಲು, ನನ್ನನ್ನು ಕೇಳದೆ,
ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿತ್ತು.

"ಎಲ್ಲಿಗೆ?" ಅಂದಳು, ಕಣ್ಣು ಕೀಳದೆ.
ಹೊಸ್ತಿಲಾಚೆ ನಿಂತೆ.
ಒಳಗೆ ಒಮ್ಮೆ ಅವಳು "ಅಯ್ಯೋ" ಅಂದದ್ದು ಕೇಳಿಸಿತು,
ಆಮೇಲೆ ವಾದ್ಯ, ಆಮೇಲೆ ಏನೂ ಇಲ್ಲ.
ಹೊರಬಂದವಳು ಹೇಳಲು ಬಾಯಿ ತೆರೆದಳು.

ಕೊಂದವರು ಯಾರು ಅನ್ನುವುದು ಬೇಡ ಅಂದೆ.
ಆ ಹೆಣ್ಣುಮಗಳು ಬದುಕಿದಾಳಾ, ಅಷ್ಟು ಹೇಳು.
ಬುಡೇನ್ ಸಾಬರಿಗೆ ಕೊಡಬೇಕು,
ಟಿಕೆಟ್ಟಿನ ಬೆನ್ನ ಮೇಲೆ ಬರೆದುಕೊಂಡ
ಚಿಲ್ಲರೆಯ ಹಾಗೆ
ಅದೊಂದು ಬಾಕಿ ಇದೆ.