ಮೇಜು ಸರಿದಷ್ಟು ದೂರ

ಸುಂಟಿಕೊಪ್ಪದಲ್ಲಿ ನನ್ನದು ಸ್ಪ್ರೇಯರ್ ರಿಪೇರಿ ಅಂಗಡಿ.
ಕಳೆ ಕೊಚ್ಚುವ ಮಿಷನ್ನು, ಗರಗಸ, ಪಂಪ್‌ಸೆಟ್ಟು.
ಹಗ್ಗ ಎಳೆದರೆ ಸಾಕು, ಕೆಮ್ಮು ಕೇಳಿ ಹೇಳುತ್ತೇನೆ
ರೋಗ ಕಾರ್ಬ್ಯುರೇಟರಿನದೋ, ಪ್ಲಗ್ಗಿನದೋ,
ಇಲ್ಲಾ ಪೆಟ್ರೋಲಿಗೆ ಆಯಿಲ್ ಬೆರೆಸದ ಯಜಮಾನನದೋ.

ಕಾಲೇಜಿಗೆ ಹಗ್ಗವಿಲ್ಲ.
ಎಳೆದು ನೋಡಲಾಗದು.

ಮಗಳು ಗ್ರೀಷ್ಮ ಹೇಳಿದ್ದು ಒಂದೇ ಮಾತು: ಏರೋಸ್ಪೇಸ್.
ಮೊಬೈಲಿನಲ್ಲಿ ಹನ್ನೊಂದು ಹೆಸರು, ಪಕ್ಕದಲ್ಲಿ ಫೀಸು,
ಫೀಸಿನ ಪಕ್ಕ ಕಳೆದ ವರ್ಷದ ಕೊನೆಯ ರ‍್ಯಾಂಕು.
ಅವಳ ರ‍್ಯಾಂಕು ನಡುವೆಲ್ಲೋ ನಿಂತಿತ್ತು,
ಆನೆಕಾಡಿನ ರಸ್ತೆಯಲ್ಲಿ ಹೆಡ್‌ಲೈಟ್ ಆರಿಸಿ
ಕಾಯುವ ಜೀಪಿನ ಹಾಗೆ.

ಊರಿಗೂ ಅಭಿಪ್ರಾಯವಿತ್ತು.
ಬೇಕರಿಯ ಮೊಯ್ದು ಕೇಳಿದ:
ಗಗನಸಖಿ ಕೋರ್ಸಾ, ಎತ್ತರ ಸಾಕಾಗುತ್ತಾ?
ತೋಟದ ರೈಟರ್ ಬೆಳ್ಯಪ್ಪ ನಕ್ಕರು:
ರೈಲೇ ಬಾರದ ಜಿಲ್ಲೆ ನಮ್ಮದು,
ನೀವು ನೇರ ರಾಕೆಟ್ಟಿಗೇ ಕೈ ಹಾಕಿದಿರಲ್ಲ ಮಾರಾಯ್ರೆ!
ನಾನೂ ನಕ್ಕೆ. ಅವರ ಮಿಷನ್ನಿನ ಬಿಲ್ಲಿನಲ್ಲಿ
ಐವತ್ತು ರೂಪಾಯಿ ಹೆಚ್ಚು ಬರೆದೆ.

ಆಮೇಲೆ ನೋಡಲು ಹೋದೆವು, ಇಬ್ಬರೇ,
ಮೈಸೂರು ದಾಟಿ, ರಾತ್ರಿ ಬಸ್ಸಿನಲ್ಲಿ.
ಮೊದಲನೆಯದಕ್ಕೆ ಅರಮನೆಯ ಗೇಟು.
ಹುಲ್ಲುಹಾಸಿನ ಮೇಲೆ ನಿವೃತ್ತ ವಿಮಾನವೊಂದು
ಮೂತಿಗೆ ಹೊಸ ಬಣ್ಣ ಬಳಿಸಿಕೊಂಡು ನಿಂತಿತ್ತು.
ಹೊಟ್ಟೆಯ ಮುಚ್ಚಳ ಸಡಿಲ. ಬಗ್ಗಿ ನೋಡಿದೆ:
ಎಂಜಿನ್ ಇರಬೇಕಾದಲ್ಲಿ ಜೇನುಗೂಡು.
ಗಾಳಿ ಸುರಂಗ ತೋರಿಸಿ, ಅಂದಳು ಗ್ರೀಷ್ಮ.
ಕೀ ಸರ್ ಹತ್ತಿರ ಇದೆ, ಸರ್ ರಜೆಯಲ್ಲಿದ್ದಾರೆ.
ಗಾಜಿನಾಚೆ ಕಂಡಿತು ಸುರಂಗದ ಬಾಯಿ,
ಅದರೊಳಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು.

ಎರಡನೆಯದರ ಬೋರ್ಡಿನಲ್ಲಿ ಒಂದು ಅಕ್ಷರ ಬಿದ್ದುಹೋಗಿತ್ತು.
ಶೆಡ್ಡಿನಲ್ಲಿ ನಾಲ್ವರು ಹುಡುಗರು, ಒಬ್ಬಳು ಹುಡುಗಿ,
ಬಾಲ ಮುರಿದ ಪುಟ್ಟ ವಿಮಾನದ ಸುತ್ತ
ಕುಕ್ಕರಗಾಲಲ್ಲಿ ಕೂತು ಜಗಳಾಡುತ್ತಿದ್ದರು.
ಅವರ ಮಾತು ನನಗೆ ಅರ್ಥವಾಗಲಿಲ್ಲ.
ಉಗುರು ನೋಡಿದೆ.
ಐವರದೂ ಕಪ್ಪು.
ಕಪ್ಪೆಂದರೆ ಸೋಪಿಗೂ ಸೀಮೆಎಣ್ಣೆಗೂ ಜಗ್ಗದ ಕಪ್ಪು,
ಸೋಮವಾರದ್ದು ಶನಿವಾರದವರೆಗೂ ಇರುತ್ತದಲ್ಲ, ಅದು.

ಸುರಂಗ ಇಲ್ಲಿಯೂ ಇತ್ತು, ಪ್ಲೈವುಡ್ಡಿನದು, ಅವರೇ ಕಟ್ಟಿದ್ದು.
ಹುಡುಗಿ ಊದುಬತ್ತಿ ಹಚ್ಚಿಟ್ಟು ಸ್ವಿಚ್ ಒತ್ತಿದಳು.
ಹೊಗೆ ರೆಕ್ಕೆಯ ಬೆನ್ನು ಸವರಿಕೊಂಡು ಹರಿಯಿತು.
ರೆಕ್ಕೆಯ ಮೂತಿ ತುಸು ಹೆಚ್ಚು ಎತ್ತಿದ್ದೇ ತಡ
ಕೂದಲು ಬಿಚ್ಚಿದಂತೆ ಕೆದರಿತು.
ಇಲ್ಲಿ ಬೀಳ್ತದೆ, ಅಂದಳು ಗ್ರೀಷ್ಮ.
ನನಗಲ್ಲ, ಹೊಗೆಗೆ.

ಐವತ್ತು ವರ್ಷ ಗಾಳಿಯಲ್ಲೇ ಇದ್ದೆ.
ಅದರ ಮುಖ ಕಂಡದ್ದು ಅವತ್ತು.

ಏಳನೇ ಕ್ಲಾಸಿನಲ್ಲಿ ಇವಳು
ಸಿಲ್ವರ್ ಓಕಿನ ಪಟ್ಟಿ ಕೆತ್ತಿ ಪಂಕ ಮಾಡಿ
ಹಳೇ ಸ್ಪ್ರೇಯರ್ ಎಂಜಿನ್ನಿಗೆ ಬಿಗಿದಿದ್ದಳು.
ಕಿವಿ ಹರಿಯುವ ಸದ್ದು. ಅಂಗಡಿ ತುಂಬ ಮೈಲುತುತ್ತದ ನೀಲಿ ಪುಡಿ.
ಎಂಜಿನ್ ಹೊತ್ತ ಮೇಜು
ಸಿಮೆಂಟಿನ ಮೇಲೆ ಒಂದು ಬೆರಳಷ್ಟು ಸರಿಯಿತು.
ನಾನು ಬೈಯುತ್ತಿದ್ದೆ. ಅವಳು ನೆಲಕ್ಕೆ ಬಗ್ಗಿ
ಚಾಕ್‌ಪೀಸಿನಲ್ಲಿ ಗೆರೆ ಎಳೆದು ಅಳೆಯುತ್ತಿದ್ದಳು.

ನಿನ್ನೆ ಆಪ್ಷನ್ ಎಂಟ್ರಿಗೆ ಕೊನೆಯ ದಿನ.
ಸೈಬರಿನಲ್ಲಿ ಸಾಲು, ಸರ್ವರಿಗೆ ಸುಸ್ತು.
ಬ್ಯಾಂಕಿನವರು ಹೇಳಿದ್ದರು: ದೊಡ್ಡ ಗೇಟಿಗಾದರೆ ಸಾಲ ಬೇಗ,
ಅಲ್ಲಿಗೆ ಕಂಪನಿಗಳು ಬರುತ್ತವೆ.
ಸುಳ್ಳೇನಲ್ಲ. ಬಿದ್ದ ಅಕ್ಷರಕ್ಕೆ ಯಾರು ಬರುತ್ತಾರೆ?
ಒಂದರಲ್ಲಿ ಗೇಟು, ಎರಡರಲ್ಲಿ ಶೆಡ್ಡು:
ಹಾಗೇ ಬರೆದುಕೊಂಡು ಬಂದಿದ್ದೆವು, ಮನೆಯಲ್ಲಿ, ಬುದ್ಧಿಯಿಂದ.

ಮೌಸ್ ಹಿಡಿದು ಗ್ರೀಷ್ಮ ನನ್ನ ಮುಖ ನೋಡಿದಳು.
ನಾನು ಅವಳ ಕೈ ನೋಡಿದೆ.
ಪರೀಕ್ಷೆ ಪರೀಕ್ಷೆ ಎಂದು ಎರಡು ವರ್ಷದಲ್ಲಿ
ಉಗುರೆಲ್ಲ ಎಷ್ಟು ಬೆಳ್ಳಗಾಗಿಬಿಟ್ಟಿದ್ದವು.

ನಿನ್ನ ಇಷ್ಟ ಮೋಳೇ, ಅಂದೆ.
ಒಂದು ಎರಡಾಯಿತು. ಎರಡು ಒಂದಾಯಿತು.
ಸೇವ್ ಆಗುವ ಚಕ್ರ ತಿರುಗುತ್ತಲೇ ಇತ್ತು.
ಬಾಗಿಲಲ್ಲಿ ಯಾರೋ, ಸ್ಟಾರ್ಟ್ ಆಗದ ಮಿಷನ್ ಹೆಗಲಲ್ಲಿ ಹೊತ್ತು,
ನನ್ನನ್ನೇ ಹುಡುಕಿಕೊಂಡು ಬಂದಿದ್ದರು.
ಬಂದೆ, ಬಂದೆ, ಅಂದೆ.
ಏಳಲಿಲ್ಲ.