ಆರನೇ ಪ್ಲೇಟು

ಮೊದಲನೆಯದರಲ್ಲಿ ತಪ್ಪು ನನ್ನದೇ.
ಗೆರೆ ಎಳೆದದ್ದು ಬಾಲ್‌ಪೆನ್ನಿನಲ್ಲಿ.
ಸಕ್ಕರೆಗಿಂತ ಮುಂಚೆ ಶಾಯಿ ಹೊರಟಿತು,
ನೀಲಿಯೊಳಗಿಂದ ನೇರಳೆ ಬಿಡಿಸಿಕೊಂಡು
ಎಷ್ಟು ಚೆಂದ ಬೇರ್ಪಟ್ಟಿತೆಂದರೆ
ತಬಸ್ಸುಮ್ ಫೋಟೋ ತೆಗೆದುಕೊಂಡಳು.

ಎರಡನೆಯದು ಮುಳುಗಿತು.
ದ್ರಾವಣ ಒಂದು ಬೆರಳು ಹೆಚ್ಚು ಸುರಿದಿದ್ದೆವು.
ಚುಕ್ಕಿಗಳು ಏರುವ ಬದಲು ತಳದಲ್ಲೇ ಕರಗಿ ಹೋದವು.
ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು:
ಕೋಣೆ ತುಂಬ ಹಳೇ ಉಪ್ಪಿನಕಾಯಿ ಜಾಡಿ ಒಡೆದ ವಾಸನೆ.

ಮೂರನೆಯದಕ್ಕೆ ಮೂರು ಗಂಟೆ ಕಾದೆವು.
ಬ್ಯೂಟನಾಲಿಗೆ ಅವಸರವಿಲ್ಲ.
ಕಾಲೇಜಿನ ಮುಂದೆ ಹಾದ ಚಿಂತಾಮಣಿ ಬಸ್ಸು
ಅಷ್ಟರಲ್ಲಿ ಹೋಗಿ, ಬಂದು, ಮತ್ತೆ ಹೊರಟಿತ್ತು.
ಸ್ಪ್ರೇ ಹೊಡೆದು, ಓವನ್ನಿನಲ್ಲಿಟ್ಟು ತೆಗೆದರೆ
ಚುಕ್ಕಿಯಿಲ್ಲ, ಬರೀ ಬಾಲ.
ಗೋಡೆಗೆ ಉಗಿದ ಎಲೆಯಡಿಕೆಯನ್ನು
ಯಾರೋ ಒರೆಸಲು ಹೋಗಿ ಬಿಟ್ಟ ಹಾಗೆ.
ರಸ ಹೆಚ್ಚಾಯ್ತು, ಎಂದೆ.
ಬೇನಿಷ ಹಣ್ಣಿನ ರಸ ಒಂದು ಪಾಲಿಗೆ ನೀರು ಹತ್ತು,
ಸಾಲದು, ನೂರು.
ಸೂಜಿಮೊನೆಯಷ್ಟು ಮುಟ್ಟಿಸು, ಒಣಗಲಿ,
ಮತ್ತೆ ಅಲ್ಲೇ ಮುಟ್ಟಿಸು.
ಸಕ್ಕರೆ ಕಮ್ಮಿಯಿದ್ದರೇ ನೆಟ್ಟಗೆ ನಡೆಯೋದು ಅಂತ
ಎರಡು ಹೊತ್ತು ಮಾತ್ರೆ ನುಂಗುವ ನಾನು ಹೇಳಿದರೆ
ಅವಳು ನಗಲಿಲ್ಲ. ಪ್ರಾಜೆಕ್ಟಿಗೆ ಇನ್ನು ನಾಲ್ಕೇ ದಿನ.

ನಾಲ್ಕನೆಯದು ಅಂಚಲ್ಲಿ ಓಡಿತು, ನಡುವೆ ಕುಂಟಿತು.
ಪುಸ್ತಕ ತೆರೆದೆ, ಪುಟ ಸಿಗಲಿಲ್ಲ.
ಬೇಸಿನ್ ಹತ್ತಿರ ಬೀಕರ್ ತೊಳೆಯುತ್ತಿದ್ದ ಪಿಳ್ಳಮ್ಮ
ತಿರುಗಿಯೂ ನೋಡದೆ ಅಂದಳು:
"ಮುಚ್ಚಳ ಅಲ್ಲಾಡ್ತಾ ಐತೆ ಸಾ.
ಆವಿಯೆಲ್ಲಾ ಆಚೆ ಓಗ್ತೈತೆ. ದಮ್ ಕಟ್ಟಬೇಕು."
ದಮ್ ಎಂದದ್ದೇ ತಡ, ತಬಸ್ಸುಮ್ ಎದ್ದಳು.
ಜಾಡಿಯ ಒಳಗೋಡೆಗೆ ಫಿಲ್ಟರ್ ಪೇಪರ್ ಹೊದಿಸಿ,
ಅದು ನೆನೆದು ಒಳಗೆಲ್ಲ ಆವಿ ತುಂಬುವವರೆಗೆ ಕಾದು,
ಪ್ಲೇಟು ಇಳಿಸಿದ ಮೇಲೆ ಮುಚ್ಚಳಕ್ಕೆ ಗ್ರೀಸ್, ಮೇಲೊಂದು ಕಲ್ಲು.

ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಪಿಳ್ಳಮ್ಮ ಟೆಂಪರರಿ.
ಸೀಸನ್ನಿನಲ್ಲಿ ಬೆಳಗಿನ ಜಾವ ಮಂಡಿಯಲ್ಲಿ ಕೊಳೆತ ಹಣ್ಣು ಆಯುತ್ತಾಳೆ,
ಒಳ್ಳೆಯ ಭಾಗ ಕೊಯ್ದು ಬಕೆಟ್ಟಿಗೆ ಹಾಕುತ್ತಾಳೆ,
ಒಂಬತ್ತೂವರೆಗೆ ಇಲ್ಲಿ.
ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪುವುದಿಲ್ಲ.
ಆಮ್ಲ ತೊಳೆದೂ ತೊಳೆದೂ ಗೆರೆ ಸವೆದಿವೆಯಂತೆ.
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ, ಅನ್ನುತ್ತದೆ ಹೆಣ್ಣುದನಿ.
ಆಮೇಲೆ ನಾನು ಒಂದು ಚೀಟಿ ಬರೆದು ಸಹಿ ಹಾಕುತ್ತೇನೆ.

ಐದನೆಯದರಲ್ಲಿ ಚುಕ್ಕಿಗಳು ದುಂಡಗೆ ಬಂದವು,
ಆದರೆ ಗ್ಲೂಕೋಸ್ ಎಲ್ಲೋ ಫ್ರಕ್ಟೋಸೂ ಅಲ್ಲೇ.
ಆರು ಇಂಗಾಲ, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್,
ಲೆಕ್ಕ ಕೇಳಿದರೆ ಇಬ್ಬರದೂ ಒಂದೇ ಉತ್ತರ.
ಬಿಡಿಸಲು ಬೋರಿಕ್ ಆಮ್ಲ ಬೇಕು.
ಸ್ಟೋರಿನಲ್ಲಿ ಡಬ್ಬಿ ಇದೆ, ಒಳಗೆ ಚಮಚ ಮಾತ್ರ.
ಕ್ರೀಡಾ ಕೊಠಡಿಯ ಕೇರಂ ಪೌಡರ್ ತಂದೆವು,
ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಅದೇ ಹೆಸರು.
ಕರಗಿಸಿ, ಪ್ಲೇಟು ಅದ್ದಿ, ಬಿಸಿಲಿಗೆ ಒಡ್ಡಿ,
ಆಮೇಲೆ ಓವನ್ನಿಗೆ.

ಆರನೆಯದು.
ಬೂದಿ ಬಣ್ಣದ್ದು ಗ್ಲೂಕೋಸ್, ಇಟ್ಟಿಗೆ ಬಣ್ಣದ್ದು ಫ್ರಕ್ಟೋಸ್,
ನಡುವೆ ಒಂದು ಕೂದಲು ತೂರುವಷ್ಟು ಜಾಗ.
ಅಡಿಯಲ್ಲಿ ಸುಕ್ರೋಸ್, ದಪ್ಪಗೆ.
ಅದು ಮರದ್ದೋ, ಜ್ಯೂಸ್ ಅಂಗಡಿಯವನ ರೇಷನ್ ಚೀಲದ್ದೋ
ಪ್ಲೇಟು ಹೇಳುವುದಿಲ್ಲ.
ತಬಸ್ಸುಮ್ ಹಿಡಿಯಬೇಕೆಂದಿದ್ದ ಕಳ್ಳ ಹಾಗೆಯೇ ಉಳಿದ.

"ಸರ್, ಇದೇನು?"

ಮೇಲಂಚಿನಲ್ಲಿ, ದ್ರಾವಣ ತಲುಪದ ಕಡೆ,
ಯಾವ ಸಾಲಿಗೂ ಸೇರದ ಒಂದು ಕಂದು ಗುರುತು.
ಬಿಸಿಲಿಂದ ಒಳಗೆ ತಂದವರು ಹಿಡಿದ ಜಾಗ.
ಸುತ್ತಿ ಸುತ್ತಿ ಬಂದ ಗೆರೆಗಳು, ಅಲ್ಲಲ್ಲಿ ಹರಿದವು,
ಅಡ್ಡಕ್ಕೆ ಒಂದು ಬಿಳಿ ಗೀಟು, ಕತ್ತಿ ತಾಗಿದ್ದು.
ಬೆಳಗಿನ ಹಣ್ಣಿನ ಸಕ್ಕರೆ
ಇಷ್ಟು ನೀರು, ಇಷ್ಟು ಸೋಪು ದಾಟಿ
ನೂರಹತ್ತು ಡಿಗ್ರಿಯಲ್ಲಿ ಬಾಯಿಬಿಟ್ಟಿತ್ತು.

ತಬಸ್ಸುಮ್ ಪೆನ್ಸಿಲಿನಿಂದ ಅದಕ್ಕೂ ಸುತ್ತು ಹಾಕಿದಳು.
"ರೆಕಾರ್ಡಿನಲ್ಲಿ ಏನಂತ ಬರೀಲಿ?"

ಐದಕ್ಕೆ ಹತ್ತು ನಿಮಿಷ.
ಆಫೀಸಿನ ಬಾಗಿಲಲ್ಲಿ ಪಿಳ್ಳಮ್ಮ
ಬೆರಳನ್ನು ಸೆರಗಿಗೆ ಒರೆಸಿಕೊಂಡು
ಒತ್ತುತ್ತಿದ್ದಳು,
ಒರೆಸಿಕೊಂಡು ಒತ್ತುತ್ತಿದ್ದಳು.